ಮನೆಯ ಮಾತಿನಲ್ಲಿ ನಡೆಯಬೇಕಾದ ಚಿಕಿತ್ಸೆ: ಫಿಸಿಯೋಥೆರಪಿಯ ಕಲಿಕೆ ಮತ್ತು ಪುನಶ್ಚೇತನ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ, ಎರಡನೆಯ ತರಗತಿಯ ಬಾಲಕನೊಬ್ಬನ ತಾಯಿ ಒಂದು ಚೀಟಿ ಹಿಡಿದುಕೊಂಡು ಬಂದರು. ಬಾಲಕನಿಗೆ ಸೆರೆಬ್ರಲ್ ಪಾಲ್ಸಿ. ಗೋಡೆ ಹಿಡಿದು ನಡೆಯುತ್ತಿದ್ದ. ಬೇಸಿಗೆ ರಜೆಗೆ ಮೊದಲು ಆಸ್ಪತ್ರೆಯೊಂದರಲ್ಲಿ ಕೊಟ್ಟ ಮನೆ ವ್ಯಾಯಾಮದ ಚೀಟಿ ಅದು. ಮಲಯಾಳ ಲಿಪಿಯಲ್ಲಿ ಐದಾರು ಸಾಲು, ಪ್ರತಿ ಸಾಲಿನ ಕೊನೆಗೆ ‘10 × 3’ ಎಂಬ ಬರಹ. ತಾಯಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಮಾತನಾಡಲು ಬರುತ್ತದೆ, ಓದಲು ಬಾರದು. ಚೀಟಿಯಲ್ಲಿ ಅವರಿಗೆ ಓದಲು ಸಿಕ್ಕಿದ್ದು ಆ ಎರಡು ಅಂಕೆಗಳು ಮಾತ್ರ.

‘ಹತ್ತು ಗಂಟೆಗೂ ಮೂರು ಗಂಟೆಗೂ ಒಂದು ದಿನವೂ ತಪ್ಪಿಸದೆ ಮಾಡಿಸಿದ್ದೇನೆ ಮಾಷ್ಟ್ರೇ, ಆದರೂ ಹುಡುಗನ ಕಾಲಿಗೆ ಬಲ ಬರಲಿಲ್ಲ’ ಎಂದರು.

ಹತ್ತು ಸಲ ಮಾಡಿ, ಸ್ವಲ್ಪ ವಿಶ್ರಾಂತಿ ಕೊಟ್ಟು, ಹಾಗೆಯೇ ಮೂರು ಸುತ್ತು ಮಾಡಿಸಬೇಕು ಎಂಬುದು ಬರೆದವರ ಅರ್ಥ. ಆ ರಜೆಯಲ್ಲಿ ಬಾಲಕ ಸ್ಟೂಲಿನಿಂದ ಎದ್ದು ನಿಂತದ್ದು ಹೊತ್ತಿಗೊಂದು ಸಲದಂತೆ ದಿನಕ್ಕೆ ಎರಡೇ ಸಲ. ತಾಯಿಯ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಚೀಟಿ ಬರೆದವರ ವಿದ್ಯೆಯಲ್ಲಿಯೂ ಕೊರತೆಯಿರಲಿಲ್ಲ. ಇಬ್ಬರ ನಡುವೆ ಒಂದು ಲಿಪಿ ಅಡ್ಡ ನಿಂತಿತ್ತು. ಗಡಿನಾಡಿನ ಕನ್ನಡ ಕುಟುಂಬಗಳು ಫಿಸಿಯೋಥೆರಪಿಯನ್ನು ಅರಿತಿರುವುದು ಏಕೆ ಅಗತ್ಯವೆಂದು ನನಗೆ ಮನವರಿಕೆಯಾದದ್ದು ಆ ದಿನ.

ಹೆಸರು ಮತ್ತು ವ್ಯಾಪ್ತಿ

ಫಿಸಿಯೋಥೆರಪಿಗೆ ಕನ್ನಡದಲ್ಲಿ ಭೌತಚಿಕಿತ್ಸೆ, ದೈಹಿಕ ಚಿಕಿತ್ಸೆ ಎಂಬ ಹೆಸರುಗಳಿವೆ. ಬಳಕೆಯಲ್ಲಿ ಉಳಿದಿರುವುದು ಮೂಲದ ಹೆಸರೇ. ಅದು ಸೇರಿರುವ ದೊಡ್ಡ ಕ್ಷೇತ್ರಕ್ಕೆ ಸರಕಾರಿ ಕಾಗದಗಳಲ್ಲಿ ‘ಪುನರ್ವಸತಿ’ ಎಂದಿರುತ್ತದೆ. ಆ ಮಾತು ಕೇಳಿದರೆ ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ನೆನಪಾಗುವುದರಿಂದ ಇಲ್ಲಿ ‘ಪುನಶ್ಚೇತನ’ ಎಂಬ ಪದವನ್ನೇ ಬಳಸಿದ್ದೇನೆ. ರೋಗ, ಅಪಘಾತ ಅಥವಾ ಹುಟ್ಟಿನಿಂದ ಬಂದ ಊನದಿಂದಾಗಿ ಕುಂಠಿತವಾದ ಶಕ್ತಿಯನ್ನು ಆದಷ್ಟು ಮರಳಿ ಪಡೆಯುವುದು, ಮರಳದಿದ್ದಲ್ಲಿ ಉಳಿದ ಶಕ್ತಿಯಿಂದಲೇ ಉಣ್ಣುವ, ಮೀಯುವ, ನಡೆಯುವ, ಶಾಲೆಗೆ ಹೋಗುವ ದಾರಿ ಕಂಡುಕೊಳ್ಳುವುದು ಅದರ ಗುರಿ. ಜಗತ್ತಿನಲ್ಲಿ ಸುಮಾರು 240 ಕೋಟಿ ಜನರಿಗೆ ಇಂಥ ಸೇವೆಯಿಂದ ಪ್ರಯೋಜನವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಕೆಲಸದಲ್ಲಿ ಹಲವರ ಪಾಲಿದೆ. ಫಿಸಿಯಾಟ್ರಿಸ್ಟ್ ಎಂಬವರು ಎಂಬಿಬಿಎಸ್ ನಂತರ ಈ ಶಾಖೆಯಲ್ಲಿ ಪರಿಣತಿ ಪಡೆದ ವೈದ್ಯರು. ಫಿಸಿಯೋಥೆರಪಿಸ್ಟರು ಚಲನೆ, ಬಲ, ಉಸಿರಾಟ, ಸಮತೋಲನಗಳನ್ನು ನೋಡುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟರು ಅಂಗಿಯ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಮುಂತಾದ ದಿನಬಳಕೆಯ ಕೆಲಸಗಳನ್ನು ಅಭ್ಯಾಸ ಮಾಡಿಸುತ್ತಾರೆ. ಕೃತಕ ಕಾಲು, ಕ್ಯಾಲಿಪರ್, ಸ್ಪ್ಲಿಂಟ್ ಮಾಡಿಕೊಡುವವರು ಬೇರೆ, ಮಾತು ಮತ್ತು ನುಂಗುವಿಕೆಯನ್ನು ತಿದ್ದುವವರು ಬೇರೆ. ಇವರೆಲ್ಲರೂ ಒಂದೇ ಸೂರಿನಡಿ ಸಿಗುವುದು ನಮ್ಮ ಕಡೆ ಅಪರೂಪ. ಹೀಗಾಗಿ ಒಬ್ಬ ಫಿಸಿಯೋಥೆರಪಿಸ್ಟರೇ ಎಲ್ಲವನ್ನೂ ನಿಭಾಯಿಸಬೇಕಾಗುತ್ತದೆ.

ಫಿಸಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದಲ್ಲ. ಮೊದಲು ಪರೀಕ್ಷೆ, ಆಮೇಲೆ ಅಳತೆ. ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಕೀಲು ಎಷ್ಟು ಡಿಗ್ರಿ ಬಾಗುತ್ತದೆಂದು ಬರೆದುಕೊಳ್ಳುತ್ತಾರೆ. ಸ್ನಾಯುವಿನ ಬಲಕ್ಕೆ 0ರಿಂದ 5ರವರೆಗೆ ಅಂಕವಿದೆ: ಸ್ನಾಯು ಮಿಸುಕಾಡದಿದ್ದರೆ 0, ಭೂಮಿಯ ಸೆಳೆತವನ್ನು ಮೀರಿ ಅಂಗವನ್ನು ಎತ್ತಬಲ್ಲುದಾದರೆ 3, ಎದುರಿನವರು ಒತ್ತಿ ಹಿಡಿದರೂ ಪೂರ್ಣ ಬಲದಿಂದ ಎತ್ತಿದರೆ 5. ಮುಂದಿನ ಭೇಟಿಯಲ್ಲಿ ಅದೇ ಅಳತೆಯನ್ನು ಮತ್ತೆ ತೆಗೆದು ಹೋಲಿಸುತ್ತಾರೆ. ಅಳತೆಯನ್ನೇ ಮಾಡದೆ ನೇರವಾಗಿ ಯಂತ್ರದ ಬಳಿ ಮಲಗಿಸುವ ಕಡೆ ಪೋಷಕರು ಪ್ರಶ್ನೆ ಕೇಳಬೇಕು. ‘ಕರೆಂಟು ಕೊಡಿಸಿಕೊಂಡು ಬಂದೆ’ ಎಂದು ನಮ್ಮ ಹಿರಿಯರು ತೃಪ್ತಿಯಿಂದ ಹೇಳುವುದುಂಟು. ವಿದ್ಯುತ್ ಯಂತ್ರಗಳಿಂದ ಕೆಲವು ನೋವುಗಳು ತಾತ್ಕಾಲಿಕವಾಗಿ ತಗ್ಗಬಹುದು. ನಡಿಗೆ ಸುಧಾರಿಸುವುದು ನಡೆದು ನಡೆದೇ.

ಬೆಳೆದು ಬಂದ ಬಗೆ

ಅಂಗಸಾಧನೆಯನ್ನು ಚಿಕಿತ್ಸೆಯಾಗಿ ಕಲಿಸುವ ಸಂಸ್ಥೆಯನ್ನು 1813ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಆರಂಭಿಸಿದ. ಇಂಗ್ಲೆಂಡಿನಲ್ಲಿ ಮಸಾಜಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳಿಂದ ವೃತ್ತಿಗೆ ಕೆಟ್ಟ ಹೆಸರು ಬಂದಾಗ, 1894ರಲ್ಲಿ ನಾಲ್ವರು ದಾದಿಯರು ಕೂಡಿ ತರಬೇತಾದವರ ಸಂಘವೊಂದನ್ನು ಕಟ್ಟಿ ಪರೀಕ್ಷೆ ಮತ್ತು ನಿಯಮಗಳನ್ನು ತಂದರು. ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಘದ ಮೂಲ ಅದೇ. ಮೊದಲ ಮಹಾಯುದ್ಧದ ಗಾಯಾಳುಗಳು ಈ ವೃತ್ತಿಯ ಅಗತ್ಯವನ್ನು ಯುರೋಪಿಗೂ ಅಮೆರಿಕಕ್ಕೂ ಮನಗಾಣಿಸಿದರು.

ನಮ್ಮ ದೇಶದಲ್ಲಿ ಅದಕ್ಕೆ ಕಾರಣವಾದದ್ದು ಪೋಲಿಯೋ. ಮುಂಬಯಿಯಲ್ಲಿ ಪೋಲಿಯೋ ಹಬ್ಬಿ ಮಕ್ಕಳ ಕೈಕಾಲುಗಳು ಸೋತಾಗ, 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ತೆರೆಯಿತು. ಅದೇ ಆಸ್ಪತ್ರೆಯಲ್ಲಿ ಎರಡು ವರ್ಷ ಮೊದಲೇ ಕಮಲಾ ನಿಂಬಕರ್ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಆರಂಭಿಸಿದ್ದರು. ಫಿಸಿಯೋಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿದ್ದು 1955ರಲ್ಲಿ. ಪೋಲಿಯೋ ಈಗ ನಮ್ಮಲ್ಲಿಲ್ಲ. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡುಬಂತು, 2014ರ ಮಾರ್ಚ್ 27ರಂದು ದೇಶ ಪೋಲಿಯೋಮುಕ್ತವೆಂಬ ಮಾನ್ಯತೆ ದೊರೆಯಿತು. ಅದಕ್ಕಾಗಿ ಹುಟ್ಟಿದ ವಿದ್ಯೆ ಇಂದು ಪಾರ್ಶ್ವವಾಯು, ರಸ್ತೆ ಅಪಘಾತ, ಸೆರೆಬ್ರಲ್ ಪಾಲ್ಸಿ, ಮಂಡಿ ಸವೆತಗಳ ಕಡೆಗೆ ತಿರುಗಿದೆ.

ದಕ್ಷಿಣದ ಕಥೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ಅಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಕ್ರಮವನ್ನು ರೂಢಿಸಿದರು. ಬಲವಿರುವ ಸ್ನಾಯುವಿನ ತಂತುವನ್ನು ಬಲ ಸತ್ತ ಬೆರಳಿಗೆ ಜೋಡಿಸುವುದು ಆ ಕ್ರಮ. ಆದರೆ ಜೋಡಿಸಿದ ಮಾತ್ರಕ್ಕೆ ಬೆರಳು ಕೆಲಸ ಮಾಡುವುದಿಲ್ಲ. ಹಳೆಯ ಕೆಲಸಕ್ಕೆ ಒಗ್ಗಿದ ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ಕಲಿಸಬೇಕು, ಮತ್ತು ಆ ಪಾಠ ಫಿಸಿಯೋಥೆರಪಿಯದು. ಅದೇ ಕಾಲೇಜಿನ ತರುಣ ವೈದ್ಯೆ, ಕೇರಳ ಮೂಲದ ಡಾ. ಮೇರಿ ವರ್ಗೀಸ್, 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕೈಯ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ತೆರೆಯಿತು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯೂ, ಸ್ವತಃ ಅಂಗವೈಕಲ್ಯವನ್ನು ಬಲ್ಲವರು ಕಟ್ಟಿದ ಇಂಥದೇ ಕೆಲಸ.

ಬೆಳೆಯುವ ಮಗುವಿನ ದೇಹದಲ್ಲಿ

ಶಾಲೆಯಲ್ಲಿ ನಾವು ಹೆಚ್ಚಾಗಿ ಕಾಣುವುದು ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು. ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಹೊಸತರಲ್ಲಿ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿ ಇದಕ್ಕೆ ಕಾರಣ. ಮೆದುಳಿನ ಹಾನಿ ಮುಂದೆ ಹೆಚ್ಚುವುದಿಲ್ಲ. ದೇಹದಲ್ಲಿ ಅದರ ಪರಿಣಾಮ ಮಾತ್ರ ಬೆಳವಣಿಗೆಯೊಂದಿಗೆ ಬದಲಾಗುತ್ತಾ ಹೋಗುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ‘ರೋಗ ಜಾಸ್ತಿಯಾಯಿತು’ ಎಂದು ಕೈಚೆಲ್ಲುತ್ತಾರೆ, ಇಲ್ಲವೆ ‘ದೊಡ್ಡವನಾದಾಗ ಸರಿಹೋದೀತು’ ಎಂದು ಕಾಯುತ್ತಾರೆ. ಎರಡರಿಂದಲೂ ನಷ್ಟವಾಗುವುದು ಮಗುವಿಗೆ.

ನಿಜವಾಗಿ ನಡೆಯುವುದು ಇಷ್ಟು. ಎಲುಬು ಪ್ರತಿವರ್ಷ ಉದ್ದವಾಗುತ್ತದೆ. ಬಿಗಿತವಿರುವ ಸ್ನಾಯು ಅದೇ ವೇಗದಲ್ಲಿ ಉದ್ದವಾಗುವುದಿಲ್ಲ. ಮೀನಖಂಡದ ಸ್ನಾಯು ಗಿಡ್ಡವಾಗಿಯೇ ಉಳಿದರೆ ಹಿಮ್ಮಡಿ ನೆಲ ಬಿಟ್ಟು ಮಗು ತುದಿಗಾಲಿನಲ್ಲಿ ನಡೆಯುತ್ತದೆ. ತೊಡೆಯ ಒಳಭಾಗದ್ದು ಬಿಗಿದರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಆರಂಭದಲ್ಲಿ ಕೈಯಿಂದ ಒತ್ತಿದರೆ ಸರಿಯುವ ಈ ಸೆಡೆತ, ವರ್ಷಗಳು ಕಳೆದಂತೆ ಸರಿಯಲಾರದ ಸ್ಥಿತಿಗೆ ಬರುತ್ತದೆ. ಆಗ ಉಳಿಯುವುದು ಪ್ಲಾಸ್ಟರ್ ಅಥವಾ ಶಸ್ತ್ರಚಿಕಿತ್ಸೆ. ನಿಲ್ಲಲಾಗದ ಮಕ್ಕಳಲ್ಲಿ ಸೊಂಟದ ಕೀಲು ಸದ್ದಿಲ್ಲದೆ ಜಾರುವ ಅಪಾಯವೂ ಇದೆ. ನೋವು ಬರುವವರೆಗೆ ಮನೆಯವರಿಗೆ ಅದು ತಿಳಿಯುವುದಿಲ್ಲವಾದ್ದರಿಂದ ನಿಗದಿತ ಕಾಲಕ್ಕೆ ಸೊಂಟದ ಎಕ್ಸರೇ ತೆಗೆಸುವ ಕ್ರಮವಿದೆ. ಯಾವಾಗ ತೆಗೆಸಬೇಕೆಂದು ಪೋಷಕರು ತಾವಾಗಿಯೇ ಕೇಳುವುದು ಒಳಿತು.

ಮಗು ಎಷ್ಟರ ಮಟ್ಟಿಗೆ ನಡೆಯಬಲ್ಲುದೆಂದು ಹೇಳಲು ಐದು ಹಂತಗಳ ವರ್ಗೀಕರಣವೊಂದನ್ನು ಕೆನಡಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದರು. ಮೊದಲ ಹಂತದ ಮಗು ಓಡುತ್ತದೆ, ಮೆಟ್ಟಿಲು ಹತ್ತುತ್ತದೆ. ಮೂರನೆಯದಕ್ಕೆ ನಡೆಯಲು ಊರುಗೋಲೋ ವಾಕರೋ ಬೇಕು. ಐದನೆಯದಕ್ಕೆ ತಲೆ ನಿಲ್ಲಿಸಲೂ ಆಸರೆ ಬೇಕು. ಈ ಹಂತ ಮುಂದೆ ದೊಡ್ಡದಾಗಿ ಬದಲಾಗುವುದು ವಿರಳ. ಕೇಳಲು ಇದು ಕಠೋರವೆನಿಸಬಹುದು. ಆದರೂ ‘ಆರು ತಿಂಗಳಲ್ಲಿ ಓಡಿಸುತ್ತೇನೆ’ ಎಂದು ಹಣ ಕೇಳುವವರಿಂದ ಕುಟುಂಬವನ್ನು ಕಾಪಾಡುವುದು ಈ ತಿಳಿವಳಿಕೆಯೇ. ಐದನೆಯ ಹಂತದ ಮಗುವಿಗೆ ನೋವಿಲ್ಲದೆ ಕುಳಿತುಕೊಳ್ಳುವುದು, ಕೆಮ್ಮದೆ ಗಂಜಿ ನುಂಗುವುದು, ಕಣ್ಣಿನಿಂದಲಾದರೂ ‘ಹೌದು’, ‘ಅಲ್ಲ’ ಹೇಳುವುದು ಇವೇ ಪುನಶ್ಚೇತನದ ಗುರಿಗಳು, ಮತ್ತು ಇವು ಸಣ್ಣವಲ್ಲ.

ಮನೆಯಲ್ಲಿ ಏನು ಮಾಡಬೇಕೆಂಬ ತಿಳಿವಳಿಕೆ ಕಳೆದ ಎರಡು ದಶಕಗಳಲ್ಲಿ ಬದಲಾಗಿದೆ. ದಿನಕ್ಕೆ ಕೆಲವು ನಿಮಿಷ ಕಾಲನ್ನು ಎಳೆದು ಹಿಡಿಯುವುದರಿಂದ ಮಾತ್ರ ಸೆಡೆತ ತಪ್ಪದೆಂದು ಅಧ್ಯಯನಗಳು ತೋರಿಸಿವೆ. ಹೆಚ್ಚು ಹೊತ್ತು ಸರಿಯಾದ ಭಂಗಿಯಲ್ಲಿರಿಸುವುದು, ಹೇಳಿದಷ್ಟು ಹೊತ್ತು ಸ್ಪ್ಲಿಂಟ್ ಕಟ್ಟುವುದು, ಆಸರೆಯೊಂದಿಗೆ ನಿಲ್ಲಿಸುವುದು ಮತ್ತು ಮಗು ತಾನಾಗಿಯೇ ಮಾಡುವ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಈಗಿನ ಒಲವು. ಸ್ಟೂಲಿನಿಂದ ಎದ್ದು ನಿಂತು ಗೋಡೆಯ ಮೇಲಿನ ಚಿತ್ರ ಮುಟ್ಟುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು ಇಂಥವು. ದೇಹದ ಒಂದು ಪಕ್ಕ ಮಾತ್ರ ಸೋತಿರುವ ಮಕ್ಕಳಿಗೆ, ಚೆನ್ನಾಗಿರುವ ಕೈಗೆ ಕೈಚೀಲ ತೊಡಿಸಿ ಸೋತ ಕೈಯಿಂದಲೇ ಆಡಿಸುವ ಕ್ರಮವೂ ಉಂಟು. ಅದನ್ನು ತರಬೇತಾದವರು ಹೇಳಿದಷ್ಟು ಹೊತ್ತು ಮಾತ್ರ ಮಾಡಿಸಬೇಕು.

ತರಗತಿಯ ಮಟ್ಟಿಗೆ ನಾನು ಕಲಿತದ್ದೂ ಇದೆ. ಪಾದ ನೆಲಕ್ಕೆ ಮುಟ್ಟದ ಬೆಂಚಿನಲ್ಲಿ ಕುಳಿತ ಮಗು ಬರೆಯಲಾರದು. ಅದರ ಶಕ್ತಿಯೆಲ್ಲ ಬೀಳದಿರುವುದಕ್ಕೇ ವ್ಯಯವಾಗುತ್ತದೆ. ಕಾಲಡಿಗೆ ಒಂದು ಮಣೆ ಇಟ್ಟರೆ ಅಕ್ಷರ ಸುಧಾರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಊಟ ಕೊಡುವಾಗ ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವ ಅಭ್ಯಾಸ ನಮ್ಮ ಹಲವು ಮನೆಗಳಲ್ಲಿದೆ. ಅನ್ನ ಶ್ವಾಸನಾಳಕ್ಕೆ ಇಳಿದು ಮತ್ತೆ ಮತ್ತೆ ನ್ಯುಮೋನಿಯಾ ಬರುವ ದಾರಿ ಅದು. ನೆಟ್ಟಗೆ ಕುಳ್ಳಿರಿಸಿ, ಗಲ್ಲ ಸ್ವಲ್ಪ ಮುಂದಕ್ಕಿರುವಂತೆ ಮಾಡಿ, ಸಣ್ಣ ಚಮಚದಲ್ಲಿ ಕೊಡಬೇಕು.

ದೊಡ್ಡವರ ವಿಷಯ

ಪಾರ್ಶ್ವವಾಯು ಬಡಿದವರನ್ನು, ಸ್ಥಿತಿ ಸ್ಥಿರವಾಗಿದೆಯೆಂದು ವೈದ್ಯರು ಹೇಳಿದ ಕೂಡಲೇ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಎಬ್ಬಿಸಿ ಕುಳ್ಳಿರಿಸಲು ಆರಂಭಿಸುತ್ತಾರೆ. ಮೊದಲ ಮೂರು ತಿಂಗಳು ಅಮೂಲ್ಯ. ಸುಧಾರಣೆ ಅಲ್ಲಿಗೇ ನಿಲ್ಲುವುದಿಲ್ಲವಾದರೂ ಹೆಚ್ಚಿನದು ಆಗಲೇ ಕಾಣುತ್ತದೆ. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಸ್ನಾಯುವಿನ ಹಿಡಿತವಿಲ್ಲದ ಹೆಗಲಿನ ಕೀಲು ಜಾರಿ, ಕಾಲು ಸುಧಾರಿಸಿದ ಮೇಲೂ ಹೆಗಲ ನೋವು ಉಳಿಯುತ್ತದೆ.

ಅಡಿಕೆ, ತೆಂಗು ಬೆಳೆಯುವ ನಮ್ಮ ಊರುಗಳಿಗೆ ಮರದಿಂದ ಬೀಳುವುದು ಹೊಸ ಸುದ್ದಿಯಲ್ಲ. ಬಿದ್ದವರನ್ನು ಇಬ್ಬರು ಹೆಗಲು ಮತ್ತು ಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವಾಗಲೇ, ಮುರಿದ ಬೆನ್ನೆಲುಬಿನೊಳಗಿನ ಹುರಿಗೆ ಇನ್ನಷ್ಟು ಪೆಟ್ಟಾಗಬಹುದು. ಕುತ್ತಿಗೆ ಮತ್ತು ಬೆನ್ನು ಬಾಗದಂತೆ, ನಾಲ್ಕೈದು ಜನ ಸೇರಿ, ಹಲಗೆಯ ಮೇಲೆ ಒಂದೇ ಸಮನೆ ಸರಿಸಿ ಸಾಗಿಸಬೇಕು. ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಒತ್ತಡದ ನೋವು ತಿಳಿಯದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಪೃಷ್ಠ, ಹಿಮ್ಮಡಿಗಳನ್ನು ಪ್ರತಿದಿನ ಕನ್ನಡಿ ಹಿಡಿದು ನೋಡುವುದನ್ನು ರೋಗಿಗೇ ಕಲಿಸುತ್ತಾರೆ. ಬೆನ್ನುಹುರಿಯ ಪೆಟ್ಟಿನಿಂದ ಬದುಕಿ ಉಳಿದವರು ಹುಣ್ಣಿನ ಸೋಂಕಿನಿಂದ ಸಾಯುವುದು ಇಂದಿಗೂ ನಡೆಯುತ್ತಿದೆ, ಮತ್ತು ಅದನ್ನು ತಡೆಯಲು ಯಾವ ದುಬಾರಿ ಯಂತ್ರವೂ ಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ

ಕಾಸರಗೋಡಿನಲ್ಲಿ ಪುನಶ್ಚೇತನದ ಮಾತು ಎಂಡೋಸಲ್ಫಾನಿನ ಮಾತಿಲ್ಲದೆ ಮುಗಿಯುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸಾರ್ವಜನಿಕ ವಲಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಮಕ್ಕಳ ಊನಗಳನ್ನು ಮೊದಲು ಗಮನಿಸಿ ದಾಖಲಿಸಿದವರು ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಹೊರಲೋಕಕ್ಕೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಪ್ರಮುಖರು. ಇಬ್ಬರೂ ಕನ್ನಡಿಗರೆಂಬುದು ನೆನಪಿಡತಕ್ಕ ವಿಷಯ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಎಂಡೋಸಲ್ಫಾನಿಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿ, ಜೀವನಪರ್ಯಂತದ ಚಿಕಿತ್ಸೆಯ ವ್ಯವಸ್ಥೆಯ ಕುರಿತೂ ಸರಕಾರಕ್ಕೆ ಸೂಚಿಸಿತು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ ಪರಿಸರದ ಮಕ್ಕಳದೂ ಇದೇ ಕಥೆ.

ಈ ಮಕ್ಕಳಿಗೆ ಆಸರೆಯಾಗಿರುವುದು ಸ್ಥಳೀಯಾಡಳಿತ ಸಂಸ್ಥೆಗಳು ಕುಟುಂಬಶ್ರೀಯೊಂದಿಗೆ ನಡೆಸುವ ಬಡ್ಸ್ ಶಾಲೆಗಳು, ಪಂಚಾಯತಿನ ಸಾಂತ್ವನ ಚಿಕಿತ್ಸಾ ತಂಡಗಳ ಮನೆಭೇಟಿ, ಮತ್ತು ಸಮಗ್ರ ಶಿಕ್ಷಾದ ಬ್ಲಾಕ್ ಸಂಪನ್ಮೂಲ ಕೇಂದ್ರಗಳ ಫಿಸಿಯೋಥೆರಪಿ ಶಿಬಿರಗಳು. ಮೊದಲ ಬಡ್ಸ್ ಶಾಲೆ 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಆರಂಭವಾಯಿತು. ಕೇರಳದ ಈ ವ್ಯವಸ್ಥೆ ಅನೇಕ ರಾಜ್ಯಗಳಲ್ಲಿ ಇಲ್ಲದ್ದು. ಅದನ್ನು ಒಪ್ಪಿಕೊಳ್ಳಲು ಭಾಷಾಭಿಮಾನ ಅಡ್ಡ ಬರಬೇಕಿಲ್ಲ.

ಆದರೆ ಫಿಸಿಯೋಥೆರಪಿಸ್ಟರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಿಗುತ್ತಾರೆ. ಉಳಿದ ದಿನಗಳಲ್ಲಿ ಚಿಕಿತ್ಸಕಿ ತಾಯಿಯೇ. ಆಕೆ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಠಿಯನ್ನೋ ಆಡುವವಳು, ಓದಲು ಬಲ್ಲುದು ಕನ್ನಡ ಮಾತ್ರ. ಮಾತ್ರೆಯಾದರೆ ಬಣ್ಣ ನೋಡಿ ನುಂಗಿಸಬಹುದು. ‘ಮಂಡಿ ನೇರವಾಗಿರಲಿ, ಹಿಮ್ಮಡಿ ನೆಲ ಬಿಡಬಾರದು, ನೋವೆಂದರೆ ನಿಲ್ಲಿಸಿ’ ಎಂಬುದನ್ನು ಬಣ್ಣದಿಂದ ತಿಳಿಯಲಾಗದು. ಜತ್ತ, ಅಕ್ಕಲಕೋಟೆಗಳಲ್ಲಿ ಈ ಚೀಟಿ ಮರಾಠಿಯಲ್ಲಿರುತ್ತದೆ. ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿ ಬರುವ ತಾಳವಾಡಿಯವರ ಕೈಯಲ್ಲಿ ತಮಿಳಿನಲ್ಲಿ.

ಕಲಿಕೆಯ ದಾರಿ

ಫಿಸಿಯೋಥೆರಪಿಸ್ಟರಾಗಲು ಬಿ.ಪಿ.ಟಿ. ಪದವಿ ಬೇಕು. ಪ್ಲಸ್ ಟು ಅಥವಾ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಬಹುಕಾಲ ಇದು ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದಾಗಿತ್ತು. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷವಾಗಿ ಒಟ್ಟು ಐದು ವರ್ಷವಾಗಿದೆ. ಮೊದಲು ಅಂಗರಚನೆ, ಶರೀರಕ್ರಿಯೆ. ಆಮೇಲೆ ಚಲನಶಾಸ್ತ್ರ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ. ಕೊನೆಯ ವರ್ಷಗಳಲ್ಲಿ ಮೂಳೆ, ನರ, ಹೃದಯ ಮತ್ತು ಶ್ವಾಸಕೋಶಗಳ ರೋಗಗಳಲ್ಲಿ ಫಿಸಿಯೋಥೆರಪಿ, ಜೊತೆಗೆ ಸಮುದಾಯ ಆಧಾರಿತ ಪುನಶ್ಚೇತನ. ಮುಂದೆ ಎರಡು ವರ್ಷದ ಎಂ.ಪಿ.ಟಿ. ಇದೆ. ‘ಆರು ತಿಂಗಳ ಫಿಸಿಯೋ ಡಿಪ್ಲೊಮಾ’ ಎಂಬ ಫಲಕ ಕಂಡರೆ ಅದು ಈ ವೃತ್ತಿಯ ಅರ್ಹತೆಯಲ್ಲವೆಂದು ತಿಳಿಯಬೇಕು.

1992ರ ಪುನರ್ವಸತಿ ಮಂಡಳಿ ಕಾನೂನು ವಿಶೇಷ ಶಿಕ್ಷಕರು, ಕೃತಕಾಂಗ ತಂತ್ರಜ್ಞರು ಮೊದಲಾದವರನ್ನು ಒಳಗೊಂಡರೂ ಫಿಸಿಯೋಥೆರಪಿಸ್ಟರನ್ನು ಹೊರಗಿರಿಸಿತ್ತು. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾನೂನಿನಿಂದ ಅವರ ಶಿಕ್ಷಣಕ್ಕೂ ನೋಂದಣಿಗೂ ರಾಷ್ಟ್ರಮಟ್ಟದ ಚೌಕಟ್ಟು ದೊರೆಯಿತು. ಮುಂಬಯಿಯ ಶಾಲೆ ತೆರೆದು ಅಷ್ಟರಲ್ಲಿ 69 ವರ್ಷ ಸಂದಿತ್ತು.

ಕರ್ನಾಟಕದಲ್ಲಿ ಈ ಪದವಿಯ ಹೆಚ್ಚಿನ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೆಳಗಿವೆ. ಕಾಸರಗೋಡಿಗೆ ಸಮೀಪದವು ಮಂಗಳೂರು ಮತ್ತು ದೇರಳಕಟ್ಟೆಯವು. ಕೇರಳದವು ತೃಶ್ಶೂರಿನ ಆರೋಗ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಕಟಕ್ ಸಮೀಪದ ಓಲತ್‌ಪುರ, ಕೋಲ್ಕತ್ತ, ದೆಹಲಿ, ಚೆನ್ನೈಗಳಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಸಂಸ್ಥೆಗಳಿವೆ. ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು ಒಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೃತ್ತಿಪರ ಕೋರ್ಸುಗಳ ಪ್ರವೇಶ ನಿಯಮಗಳಲ್ಲಿ ‘ಹೊರನಾಡ ಕನ್ನಡಿಗ’, ‘ಗಡಿನಾಡ ಕನ್ನಡಿಗ’ ಎಂಬ ಅರ್ಹತಾ ವಿಭಾಗಗಳಿವೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ ಜತ್ತ, ಅಕ್ಕಲಕೋಟೆ ಮೊದಲಾದವೂ ಇದರಲ್ಲಿ ಬರುತ್ತವೆ. ಈ ವಿಭಾಗದವರಿಗೆ ಕನ್ನಡ ಭಾಷಾ ಪರೀಕ್ಷೆಯಿರುತ್ತದೆ, ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಭಾರವಲ್ಲ. ಬಿ.ಪಿ.ಟಿ. ಸೀಟುಗಳಿಗೆ ಆ ವರ್ಷದ ನಿಬಂಧನೆಗಳೇನು, ನೀಟ್ ಬೇಕೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು. ನಿಯಮಗಳು ಬದಲಾಗುತ್ತಿರುವ ಕಾಲವಿದು.

ಓದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಅಂಗರಚನಾಶಾಸ್ತ್ರ ಕಷ್ಟವಾಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಸ್ನಾಯುಗಳ ಲ್ಯಾಟಿನ್ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ. ರೋಗಿಯ ಹಾಸಿಗೆಯ ಬಳಿ ನಿಂತಾಗ ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲ ನಮ್ಮ ಮಗುವಿಗೆ ಇರುವ ಅನುಕೂಲ ಅವರಿಗಿಲ್ಲ.

ಕೇಳಿ ಪಡೆಯಬೇಕಾದವು

2016ರ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ಅವರು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಂಡರೆ ಉಳಿದ ಸೌಲಭ್ಯಗಳಿಗೆ ದಾರಿ ಸುಲಭ. ಗಾಲಿಕುರ್ಚಿ, ಕ್ಯಾಲಿಪರ್ ಮುಂತಾದವನ್ನು ಕೇಂದ್ರ ಸರಕಾರದ ಯೋಜನೆಯಡಿ ಕಾನ್ಪುರದ ಅಲಿಂಕೊ ಸಂಸ್ಥೆ ಶಿಬಿರಗಳಲ್ಲಿ ಅಳತೆ ತೆಗೆದು ಕೊಡುತ್ತದೆ. ಮಗು ಬೆಳೆದಂತೆ ಅಳತೆ ಬದಲಾಗುವುದರಿಂದ ಒಮ್ಮೆ ಸಿಕ್ಕಿದ್ದೇ ಸಾಕೆಂದು ಕೂರಬಾರದು. ಬಿಗಿಯಾದ ಸ್ಪ್ಲಿಂಟ್ ಚರ್ಮವನ್ನು ಕೊರೆಯುತ್ತದೆ.

ಭಾಷೆಯ ವಿಷಯದಲ್ಲಿ, ಸಂವಿಧಾನದ 350ನೆಯ ವಿಧಿಯಂತೆ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸಬಹುದು. ಮನೆ ವ್ಯಾಯಾಮದ ಚೀಟಿಯನ್ನು ಕನ್ನಡದಲ್ಲಿ ಕೊಡಿ ಎಂಬ ಮನವಿಯನ್ನು ಪೋಷಕರ ಸಂಘದ ಮೂಲಕ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೂ ಪಂಚಾಯತಿಗೂ ಕನ್ನಡದಲ್ಲಿಯೇ ಬರೆದು, ಸ್ವೀಕೃತಿ ಪಡೆದುಕೊಳ್ಳಬೇಕು. ಅದು ಕೈಗೂಡುವವರೆಗೆ ಚಿಕಿತ್ಸಕರ ಅನುಮತಿ ಕೇಳಿ ಅವರು ಮಾಡಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬಹುದು. ಹೊರಡುವ ಮೊದಲು ಅವರೆದುರಿಗೇ ಒಮ್ಮೆ ಮಾಡಿ ತೋರಿಸಬೇಕು. ಎಷ್ಟು ಸಲ, ದಿನಕ್ಕೆ ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಬರಬೇಕು ಎಂಬ ನಾಲ್ಕನ್ನು ಕೇಳಿ ಬರೆದುಕೊಳ್ಳಬೇಕು.

ಆ ಬಾಲಕನ ಚೀಟಿಯನ್ನು ನಾನೂ ಅವನ ತಾಯಿಯೂ, ಫಿಸಿಯೋಥೆರಪಿಸ್ಟರಿಗೆ ಫೋನು ಮಾಡಿ ಸಾಲು ಸಾಲಾಗಿ ಕೇಳಿ, ಕನ್ನಡದಲ್ಲಿ ಬರೆದೆವು. ‘ಸ್ಟೂಲಿನಿಂದ ಎದ್ದು ನಿಲ್ಲುವುದು. ಹತ್ತು ಸಲ. ಎರಡು ನಿಮಿಷ ವಿಶ್ರಾಂತಿ. ಮತ್ತೆ ಹತ್ತು ಸಲ. ವಿಶ್ರಾಂತಿ. ಮತ್ತೆ ಹತ್ತು ಸಲ. ಹಿಮ್ಮಡಿ ನೆಲದಲ್ಲಿರಲಿ.’ ಪಕ್ಕದಲ್ಲಿ ನಮ್ಮ ಚಿತ್ರಕಲಾ ಅಧ್ಯಾಪಕರು ಸ್ಟೂಲು, ಹುಡುಗ, ಹಿಮ್ಮಡಿಗಳ ಚಿತ್ರ ಬರೆದುಕೊಟ್ಟರು. ಮುಂದಿನ ಭೇಟಿಯಲ್ಲಿ ಫಿಸಿಯೋಥೆರಪಿಸ್ಟರು ಆ ಹಾಳೆಯನ್ನು ನೋಡಿ, ಇದರ ಇಪ್ಪತ್ತು ಪ್ರತಿ ಮಾಡಿಸಿ ಕೊಡಬಹುದೇ ಎಂದು ಕೇಳಿ ಕಳುಹಿಸಿದರು. ಇಪ್ಪತ್ತೈದು ಮಾಡಿಸಿ ಕಳುಹಿಸಿದೆವು.